ಗಿಳಿ ಸಾಕುವವರು ಬಿಡಬೇಕಾದ ಕೆಲವು ನಂಬಿಕೆಗಳು

ಕೊಡಗಿನ ಕಾಫಿ ತೋಟಗಳ ನಡುವೆ ಬೆಳೆದವರಿಗೆ ಗಿಳಿ ಹೊಸ ಹಕ್ಕಿಯಲ್ಲ. ಹಾಲುವಾಣದ ಮರ ಕೆಂಪಾಗಿ ಹೂಬಿಟ್ಟ ದಿನಗಳಲ್ಲಿ ನೀಲಿ ರೆಕ್ಕೆಯ ಗಿಳಿಗಳು ಮಕರಂದಕ್ಕೆ ಮುತ್ತಿಕೊಳ್ಳುವುದನ್ನೂ, ಗದ್ದೆಯಲ್ಲಿ ಭತ್ತ ಬಲಿಯುವ ಹೊತ್ತಿಗೆ ಗಿಳಿಗಳ ಹಿಂಡು ತೆನೆಗೆ ಎರಗುವುದನ್ನೂ, ಬಾವಲಿಯಂತೆ ತಲೆಕೆಳಗಾಗಿ ನೇತುಕೊಂಡೇ ನಿದ್ರಿಸುವ ಪುಟ್ಟ ಗಿಳಿಯನ್ನೂ ನಾವು ಚಿಕ್ಕಂದಿನಿಂದ ನೋಡುತ್ತ ಬಂದಿದ್ದೇವೆ. ಇಷ್ಟು ಪರಿಚಯವಿರುವುದರಿಂದಲೋ ಏನೋ, ಗಿಳಿಯನ್ನು ಸಾಕುವುದಕ್ಕೆ ಹೊಸದಾಗಿ ಕಲಿಯಬೇಕಾದದ್ದು ಏನೂ ಇಲ್ಲ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ನಮ್ಮ ಮನೆಯಲ್ಲಿ ಕಾಕಟೀಲ್ ಎಂಬ ಆಸ್ಟ್ರೇಲಿಯ ಮೂಲದ ಗಿಳಿಗಳ ಒಂದು ಜೋಡಿಯಿದೆ. ಅವನ್ನು ನೋಡಲು ಬರುವ ನೆಂಟರಿಷ್ಟರು ಕೊಡುವ ಸಲಹೆಗಳಲ್ಲಿ ಪ್ರೀತಿಗೆ ಕೊರತೆಯಿರುವುದಿಲ್ಲ. ಆದರೆ ಆ ಪ್ರೀತಿಯನ್ನು ಅವರು ಅಳೆಯುವುದು ಮನುಷ್ಯನ ಅಭಿರುಚಿಯಿಂದ, ಹಕ್ಕಿಯ ದೇಹ ಏನು ಕೇಳುತ್ತದೆ ಎಂಬುದರಿಂದಲ್ಲ. ಆ ಸಲಹೆಗಳ ಬಗ್ಗೆ ಒಂದು ಕಡೆ ಬರೆದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಮೊದಲನೆಯದು, ನಮ್ಮ ತೋಟದ ಮರದಲ್ಲಿ ಸಿಕ್ಕಿದ ಮರಿಯನ್ನು ನಾವು ಸಾಕಿಕೊಂಡರೆ ತಪ್ಪೇನು ಎಂಬ ಮಾತು. ತಪ್ಪು ಇದೆ, ಕಾನೂನಿನ ಪ್ರಕಾರವೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮ ದೇಶದ ಕಾಡುಗಿಳಿಗಳಿಗೆಲ್ಲ ರಕ್ಷಣೆಯಿದ್ದು, ಅವನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು ಅಪರಾಧವಾಗುತ್ತದೆ. ಊರಿನಲ್ಲಿ ಎಲ್ಲರಿಗೂ ಪರಿಚಿತವಾದ, ಕೊರಳಲ್ಲಿ ಗುಲಾಬಿ ಪಟ್ಟಿಯಿರುವ ಹಸಿರು ಗಿಳಿಯೂ ಇದಕ್ಕೆ ಹೊರತಲ್ಲ. ಮೊಟ್ಟೆಯನ್ನೋ ಮರಿಯನ್ನೋ ಗೂಡಿನಿಂದ ತೆಗೆಯುವುದನ್ನೂ ಕಾಯ್ದೆ ಬೇಟೆಯೆಂದೇ ಪರಿಗಣಿಸುತ್ತದೆ. ಕೊಡಗಿನವರು ಇದನ್ನು ಉಳಿದವರಿಗಿಂತ ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳಬೇಕು, ಏಕೆಂದರೆ ನೀಲಿ ರೆಕ್ಕೆಯ ಗಿಳಿ ಪಶ್ಚಿಮ ಘಟ್ಟದಲ್ಲಲ್ಲದೆ ಜಗತ್ತಿನ ಬೇರೆಲ್ಲಿಯೂ ಸಹಜವಾಗಿ ಬದುಕುವುದಿಲ್ಲ. ಅದು ಮರಕುಟಿಗವೋ ಕುಟ್ರುಹಕ್ಕಿಯೋ ಕೊರೆದುಬಿಟ್ಟ ಪೊಟರೆಗಳಲ್ಲಿ, ಹೆಚ್ಚಾಗಿ ಜನವರಿಯಿಂದ ಮಾರ್ಚ್‌ವರೆಗಿನ ಅವಧಿಯಲ್ಲಿ ಮರಿ ಮಾಡುತ್ತದೆ. ತೋಟಗಳಲ್ಲಿ ಕೊಯ್ಲಿನ ಜನ ತುಂಬಿರುವ ಕಾಲವೂ ಅದೇ ಆಗಿರುವುದರಿಂದ ಗೂಡು ಯಾರದಾದರೂ ಕಣ್ಣಿಗೆ ಬೀಳುವುದು ಸುಲಭ. ಗಿಳಿಯ ಮೇಲೆ ನಿಜವಾದ ಪ್ರೀತಿಯಿರುವ ತೋಟದ ಮಾಲೀಕರು ಮಾಡಬಹುದಾದ ಅತಿ ದೊಡ್ಡ ಕೆಲಸವೆಂದರೆ ಮರಗಸಿಯ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಸಮಯದಲ್ಲಿ ಪೊಟರೆಯಿರುವ ಹಳೆಯ ಮರಗಳನ್ನು ಗುರುತಿಸಿ ಉಳಿಸುವುದು ಎಂದು ನಾನು ನಂಬಿದ್ದೇನೆ. ನೆಲಕ್ಕೆ ಬಿದ್ದ ಮರಿ ಸಿಕ್ಕಿದರೆ ಅದರ ಗೂಡು ಹತ್ತಿರದಲ್ಲಿದೆಯೇ ಎಂದು ನೋಡಿ ಮರಳಿ ಇಡಬೇಕು. ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಬೇಕು. ಮನುಷ್ಯನ ಕೈ ತಗುಲಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬ ಮಾತಿಗೆ ಆಧಾರವಿಲ್ಲ.

ಹಾಗಾದರೆ ಸಾಕಬಹುದಾದ ಗಿಳಿಗಳು ಯಾವುವು? ಪಂಜರದಲ್ಲೇ ತಲೆತಲಾಂತರದಿಂದ ಮರಿ ಮಾಡಿಸಿಕೊಂಡು ಬಂದಿರುವ ಬಡ್ಜಿ, ಕಾಕಟೀಲ್, ಆಫ್ರಿಕದ ಗುಲಾಬಿ ಮುಖದ ಲವ್‌ಬರ್ಡ್ ಇವು ಸಾಮಾನ್ಯವಾಗಿ ಸಿಗುವಂಥವು. ಆಫ್ರಿಕನ್ ಗ್ರೇ, ಮಕಾವ್, ಸನ್ ಕನ್ಯೂರ್‌ಗಳಂಥ ವಿದೇಶಿ ಹಕ್ಕಿಗಳು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣ ಒಪ್ಪಂದವಾದ ಸೈಟಿಸ್‌ನ ಪಟ್ಟಿಯಲ್ಲಿರುವುದರಿಂದ, 2024ರ ನಿಯಮಗಳ ಪ್ರಕಾರ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ಅವನ್ನು ನೋಂದಾಯಿಸಬೇಕಾಗುತ್ತದೆ. ಮಾರುವವನು ಕಾಗದಪತ್ರದ ಮಾತನ್ನು ತೇಲಿಸಿದರೆ ಆ ಹಕ್ಕಿಯನ್ನು ಕೊಳ್ಳದಿರುವುದೇ ಸರಿ.

ಗಿಳಿ ಎಂದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ, ಅದು ಮಾತನಾಡುತ್ತದೆಯೇ ಎಂಬುದು. ಇಲ್ಲವೆಂದರೆ ಉಪಾಯಗಳು ಬರುತ್ತವೆ. "ಗಾಂಧಾರಿ ಮೆಣಸು ತಿನ್ನಿಸಿ ಅಕ್ಕ, ನಾಲಿಗೆ ತಿರುಗುತ್ತದೆ" ಎನ್ನುವವರಿದ್ದಾರೆ. ಮಕ್ಕಳಿಗೆ ಮಾಡುವಂತೆ ಬಜೆ ತೇಯ್ದು ನೆಕ್ಕಿಸಲು ಹೇಳುವವರೂ ಇದ್ದಾರೆ. ಹಕ್ಕಿಯ ಸ್ವರ ಹುಟ್ಟುವುದು ಶ್ವಾಸನಾಳದ ಬುಡದಲ್ಲಿ, ಅದು ಎರಡಾಗಿ ಕವಲೊಡೆಯುವ ಜಾಗದಲ್ಲಿರುವ ಸಿರಿಂಕ್ಸ್ ಎಂಬ ಅಂಗದಲ್ಲಿ. ಅಲ್ಲಿಗೆ ಮೆಣಸಿನ ಖಾರವಾಗಲಿ ಬಜೆಯ ಕಹಿಯಾಗಲಿ ಮಾಡುವಂಥದ್ದೇನೂ ಇಲ್ಲ. ಮೆಣಸಿನಿಂದ ಹಾನಿಯೂ ಇಲ್ಲವೆನ್ನಿ, ಏಕೆಂದರೆ ನಮಗೆ ಖಾರವೆನಿಸುವ ಕ್ಯಾಪ್ಸೈಸಿನ್ ಹಕ್ಕಿಗಳ ನರಗಳಿಗೆ ತಟ್ಟುವುದಿಲ್ಲ. ತೋಟದ ಮೂಲೆಯಲ್ಲಿ ಯಾರೂ ನೆಡದೆ ಗಾಂಧಾರಿ ಗಿಡ ಏಳುವುದು ಹಕ್ಕಿಗಳು ಹಣ್ಣು ತಿಂದು ಬೀಜ ಹರಡುವುದರಿಂದಲೇ. ಮಾತು ಬರುವುದು ಒಡನಾಟದಿಂದ. ಅಮೆರಿಕದ ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ ಅವರು ಮೂವತ್ತು ವರ್ಷಗಳ ಕಾಲ ಜೊತೆಗಿದ್ದು ಕಲಿಸಿದ ಅಲೆಕ್ಸ್ ಎಂಬ ಆಫ್ರಿಕನ್ ಗ್ರೇ ಗಿಳಿ ನೂರಕ್ಕೂ ಹೆಚ್ಚು ಪದಗಳನ್ನು ಬಳಸುತ್ತಿತ್ತು, ಬಣ್ಣ ಆಕಾರಗಳನ್ನು ಹೆಸರಿಸುತ್ತಿತ್ತು. ಅಲ್ಲಿ ನಡೆದದ್ದು ದಿನದಿನದ ತಾಳ್ಮೆಯ ಸಂಭಾಷಣೆ, ಔಷಧಿಯಲ್ಲ. ಅಲ್ಲದೆ ಎಲ್ಲ ಜಾತಿಗೂ ಮಾತು ಒಗ್ಗುವುದಿಲ್ಲ. ಕಾಕಟೀಲ್ ಗಂಡು ಶಿಳ್ಳೆ ಹಾಕುವುದರಲ್ಲಿ ನಿಪುಣ, ಹೆಣ್ಣು ಬಹುಮಟ್ಟಿಗೆ ಮೌನಿ. ಮಾತನಾಡದ ಗಿಳಿಯನ್ನು ಸೋತ ಗಿಳಿಯೆಂದು ಕಾಣುವುದು ನನಗೆ ಬಹಳ ನೋವಿನ ವಿಷಯ.

ಆಹಾರದ ವಿಷಯದಲ್ಲಿ ತಪ್ಪುಗಳು ಹಕ್ಕಿಯ ಜೀವವನ್ನೇ ತೆಗೆಯಬಲ್ಲವು. ಹಳೆಯ ಮನೆಗಳಲ್ಲಿ ಗಿಳಿಗೆ ಹಾಲನ್ನ ಇಡುವ ಪದ್ಧತಿ ಇತ್ತು. ಹಕ್ಕಿಗಳು ಹಾಲು ಕುಡಿದು ಬೆಳೆಯುವ ಜೀವಿಗಳಲ್ಲವಾದ್ದರಿಂದ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಅವಕ್ಕಿಲ್ಲ. ಸೂರ್ಯಕಾಂತಿ ಬೀಜದ ಬಟ್ಟಲೊಂದನ್ನು ತುಂಬಿಟ್ಟರೆ ಸಾಕೆಂಬುದು ಈಗಿನ ಪದ್ಧತಿ. ಅದರಲ್ಲಿ ಕೊಬ್ಬು ಹೆಚ್ಚು, ಎ ಜೀವಸತ್ವ ಮತ್ತು ಕ್ಯಾಲ್ಸಿಯಂ ತೀರ ಕಡಿಮೆ. ವರ್ಷಗಟ್ಟಲೆ ಅದನ್ನೇ ತಿಂದ ಗಿಳಿಯ ಯಕೃತ್ತಿನಲ್ಲಿ ಕೊಬ್ಬು ಸೇರಿಕೊಂಡು ಅದು ಅಕಾಲದಲ್ಲಿ ಸಾಯುತ್ತದೆ. ನವಣೆ, ಮೊಳಕೆ ಕಾಳು, ನುಗ್ಗೆಸೊಪ್ಪು, ಕ್ಯಾರೆಟ್, ಸಿಹಿಕುಂಬಳ, ಸೀಬೆಹಣ್ಣಿನ ತುಂಡು, ಸಾಧ್ಯವಿದ್ದರೆ ಗಿಳಿಗಳಿಗೆಂದೇ ತಯಾರಾದ ಪೆಲೆಟ್, ಇವೆಲ್ಲ ಬೆರೆತ ಊಟ ಬೇಕು. ಬೀಜಕ್ಕೆ ಒಗ್ಗಿದ ಹಕ್ಕಿ ಸೊಪ್ಪನ್ನು ಮೊದಲು ಮುಟ್ಟುವುದೇ ಇಲ್ಲ; ಹಾಗೆಂದು ಬೀಜವನ್ನು ಒಮ್ಮೆಲೇ ನಿಲ್ಲಿಸಿ ಉಪವಾಸ ಕೆಡವಬಾರದು, ವಾರಗಟ್ಟಲೆ ನಿಧಾನವಾಗಿ ಬದಲಿಸಬೇಕು.

ಕೊಡಗಿನ ಮನೆಗಳಿಗೆ ವಿಶೇಷವಾಗಿ ಹೇಳಬೇಕಾದದ್ದು ಬೆಣ್ಣೆಹಣ್ಣಿನ ಬಗ್ಗೆ. ಹಿತ್ತಲಲ್ಲಿ ಮರವಿದ್ದವರು ಮಕ್ಕಳಿಗೆ ಕೊಡುವಾಗ ಗಿಳಿಗೂ ಒಂದು ಚೂರು ಕೊಡುವುದು ಸಹಜವಾಗಿ ಕಾಣುತ್ತದೆ. ಆದರೆ ಬೆಣ್ಣೆಹಣ್ಣಿನಲ್ಲಿರುವ ಪರ್ಸಿನ್ ಎಂಬ ಅಂಶ ಗಿಳಿಗಳ ಹೃದಯದ ಸ್ನಾಯುವನ್ನು ಘಾಸಿಗೊಳಿಸುತ್ತದೆ, ಸಣ್ಣ ಹಕ್ಕಿ ಒಂದೆರಡು ದಿನಗಳಲ್ಲೇ ಸಾಯಬಹುದು. ಮರದ ಎಲೆ, ತೊಗಟೆಗಳಲ್ಲೂ ಆ ಅಂಶವಿರುವುದರಿಂದ ಅದರ ಕೊಂಬೆಯನ್ನು ಪಂಜರಕ್ಕೆ ಇಡಲೂಬಾರದು. ಲೋಟದ ತಳದಲ್ಲುಳಿದ ಕಾಫಿಯೂ ಚಾಕೊಲೇಟೂ ಇಷ್ಟೇ ಅಪಾಯಕಾರಿ.

ಮಳೆಗಾಲದ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯಬೇಕು. ಬಡ್ಜಿ ಮತ್ತು ಕಾಕಟೀಲ್‌ಗಳ ಮೂಲ ನೆಲೆ ಆಸ್ಟ್ರೇಲಿಯದ ಒಣ ಒಳನಾಡು. ಗುಲಾಬಿ ಮುಖದ ಲವ್‌ಬರ್ಡ್‌ನದು ನೈಋತ್ಯ ಆಫ್ರಿಕದ ಒಣ ಪ್ರದೇಶ. ಗೋಡೆಯೇ ಬೆವರುವ, ಬಟ್ಟೆ ಒಣಗದ ಜುಲೈ ತಿಂಗಳಿಗೆ ಅವುಗಳ ದೇಹ ಸಿದ್ಧವಾಗಿಲ್ಲ. ಈ ದಿನಗಳಲ್ಲಿ ಡಬ್ಬಿಯ ಕಡಲೆಕಾಯಿ ಬೀಜಕ್ಕೂ ಕಾಳಿಗೂ ಕಣ್ಣಿಗೆ ಕಾಣದಷ್ಟು ಬೂಷ್ಟು ಹಿಡಿದಿರುತ್ತದೆ, ಆ ಶಿಲೀಂಧ್ರ ಗಿಳಿಯ ಶ್ವಾಸಕೋಶಕ್ಕೂ ವಾಯುಚೀಲಗಳಿಗೂ ಹಬ್ಬಿದರೆ ಗುಣಪಡಿಸುವುದು ಬಹಳ ಕಷ್ಟ. ಮಳೆಗಾಲದಲ್ಲಿ ನಾನು ಕಡಲೆಕಾಯಿಯನ್ನು ಪೂರ್ತಿಯಾಗಿ ನಿಲ್ಲಿಸುತ್ತೇನೆ, ಉಳಿದ ಕಾಳನ್ನು ಸಣ್ಣ ಪ್ರಮಾಣದಲ್ಲಿ ತಂದು ಗಾಳಿಯಾಡದ ಡಬ್ಬಿಯಲ್ಲಿಡುತ್ತೇನೆ. ಚಳಿಯೆಂದು ಹಕ್ಕಿಯ ಕೋಣೆಯಲ್ಲಿ ಅಗ್ಗಿಷ್ಟಿಕೆಗೆ ಕೆಂಡ ಹಾಕುವುದು, ಸೊಳ್ಳೆಬತ್ತಿ ಹಚ್ಚುವುದು, ಸಾಂಬ್ರಾಣಿ ಹೊಗೆ ಕೊಡುವುದು ಒಳ್ಳೆಯದಲ್ಲ. ಹಕ್ಕಿಯ ಉಸಿರಾಟದ ವ್ಯವಸ್ಥೆ ಗಾಳಿಯಿಂದ ಆಮ್ಲಜನಕವನ್ನು ನಮಗಿಂತ ಚೆನ್ನಾಗಿ ಹೀರುವಂತೆಯೇ ವಿಷವನ್ನೂ ಬೇಗ ಹೀರುತ್ತದೆ. ಒಲೆಯ ಮೇಲೆ ಮರೆತು ಅತಿಯಾಗಿ ಕಾದ ನಾನ್‌ಸ್ಟಿಕ್ ಬಾಣಲೆಯ ಆವಿ, ನಮಗೆ ವಾಸನೆಯೂ ತಿಳಿಯುವ ಮೊದಲೇ ಪಕ್ಕದ ಕೋಣೆಯ ಗಿಳಿಯನ್ನು ಕೊಲ್ಲಬಲ್ಲದು. ಬಿಸಿಲಿನ ಪ್ರಶ್ನೆಯೂ ಇದೆ. ಕಿಟಕಿಯ ಗಾಜು ಡಿ ಜೀವಸತ್ವಕ್ಕೆ ಬೇಕಾದ ನೇರಳಾತೀತ ಕಿರಣಗಳನ್ನು ತಡೆಯುವುದರಿಂದ ಗಾಜಿನ ಹಿಂದೆ ಪಂಜರವಿಟ್ಟರೆ ಬೆಳಕು ಸಿಗುತ್ತದೆ, ಬಿಸಿಲಿನ ಫಲ ಸಿಗುವುದಿಲ್ಲ. ಮೋಡ ಸರಿದ ಗಳಿಗೆಯಲ್ಲಿ ಪಂಜರವನ್ನು ಜಗಲಿಗೆ ತಂದಿಟ್ಟು, ಹದ್ದು ಬೆಕ್ಕುಗಳ ಕಾವಲಿಗೆ ನಾವೂ ಪಕ್ಕದಲ್ಲೇ ಕೂರಬೇಕು.

ಪಂಜರ ಎತ್ತರವಿದ್ದರೆ ಸಾಕೆಂದು ಹಲವರು ತಿಳಿದಿದ್ದಾರೆ. ಗಿಳಿ ಹಾರುವುದು ಅಡ್ಡಕ್ಕೆ. ಆದ್ದರಿಂದ ಉದ್ದಗಲ ಮುಖ್ಯ, ಗುಂಡನೆಯ ಅಲಂಕಾರದ ಪಂಜರ ಬೇಡವೇ ಬೇಡ. ಮನೆಯಲ್ಲೇ ಜಾಲರಿಯಿಂದ ಮಾಡಿಸುವವರು ಹೊಸ ಜಿಐ ಜಾಲರಿಯ ಸತುವಿನ ಲೇಪವನ್ನು ಗಿಳಿ ಕೆರೆದು ನುಂಗುತ್ತದೆಂಬುದನ್ನು ನೆನಪಿಡಬೇಕು, ಸತು ಅದಕ್ಕೆ ವಿಷ. ಕೂರಲು ಸೀಬೆಯ ಕೊಂಬೆ ಉತ್ತಮ. ಕಾಫಿ ಗಿಡದ ಕೊಂಬೆಯೂ ಗಟ್ಟಿಯಾದದ್ದೇ, ಆದರೆ ರೋಗ ತಡೆಯಲು ಬಳಸುವ, ತಾಮ್ರವಿರುವ ಬೋರ್ಡೋ ದ್ರಾವಣ ಹೊಡೆದ ಗಿಡದ್ದಾದರೆ ತಾಮ್ರದ ಅಂಶ ಹಕ್ಕಿಯ ಹೊಟ್ಟೆ ಸೇರುತ್ತದೆ. ಒಂಟಿಯಾಗಿಟ್ಟರೆ ಬೇಗ ಪಳಗುತ್ತದೆ ಎಂಬ ನಂಬಿಕೆಯನ್ನೂ ಬಿಡಬೇಕು. ಹಿಂಡಿನಲ್ಲಿ ಬದುಕುವ ಜೀವಿಯನ್ನು ಒಂಟಿಯಾಗಿಟ್ಟು ದಿನವಿಡೀ ತೋಟಕ್ಕೋ ಕೆಲಸಕ್ಕೋ ಹೋದರೆ ಅದು ಬೇಸರದಿಂದ ತನ್ನ ಗರಿಯನ್ನು ತಾನೇ ಕೀಳಲು ತೊಡಗಬಹುದು.

ತಿನ್ನುತ್ತಿದೆ, ಆದ್ದರಿಂದ ಆರೋಗ್ಯವಾಗಿದೆ ಎನ್ನುವುದು ಮತ್ತೊಂದು ತಪ್ಪು ಎಣಿಕೆ. ಬೇಟೆಗಾರ ಪ್ರಾಣಿಗಳ ಕಣ್ಣಿಗೆ ಬೀಳದಿರಲು ಗಿಳಿಗಳು ಕಾಯಿಲೆಯನ್ನು ಮರೆಮಾಚುತ್ತವೆ. ಗರಿ ಉಬ್ಬಿಸಿಕೊಂಡು ಪಂಜರದ ತಳಕ್ಕೆ ಬಂದು ಕುಳಿತಿದೆಯೆಂದರೆ ಕಾಯಿಲೆ ಆಗಲೇ ಮುಂದುವರಿದಿರುತ್ತದೆ. ಹಾಗಾಗಿ ಪಂಜರದ ತಳಕ್ಕೆ ಹಾಸಿದ ಕಾಗದವನ್ನು ಬೆಳಿಗ್ಗೆ ಬದಲಿಸುವ ಮೊದಲು ಹಿಕ್ಕೆಯನ್ನು ನೋಡುವುದು ನನ್ನ ರೂಢಿ. ಆರೋಗ್ಯವಾದ ಹಿಕ್ಕೆಯಲ್ಲಿ ಮೂರು ಭಾಗಗಳು ಬಿಡಿಬಿಡಿಯಾಗಿ ಕಾಣುತ್ತವೆ: ಸುರುಳಿ ಸುತ್ತಿದ ಹಸಿರು ಇಲ್ಲವೆ ಕಂದು ಮಲ, ಅದಕ್ಕಂಟಿಕೊಂಡ ಸುಣ್ಣದಂಥ ಬಿಳಿ ಭಾಗ, ಸುತ್ತಲೂ ಕಾಗದ ಹೀರಿಕೊಂಡ ತಿಳಿನೀರಿನ ಕಲೆ. ಬಿಳಿ ಭಾಗ ಹಳದಿಗೋ ಹಸಿರಿಗೋ ತಿರುಗಿದರೆ ಯಕೃತ್ತಿನ ತೊಂದರೆಯನ್ನು ಶಂಕಿಸಬೇಕು. ಮನುಷ್ಯರಿಗೂ ಹರಡುವ ಗಿಳಿಜ್ವರದಲ್ಲೂ ಇಂಥ ಬದಲಾವಣೆ ಕಾಣುವುದುಂಟು. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಕ ನೋಡುತ್ತೇನೆ. ಕಾಕಟೀಲ್ ತೂಗುವುದೇ ಸುಮಾರು 80ರಿಂದ 100 ಗ್ರಾಂ, ಅದರಲ್ಲಿ ಹತ್ತನೇ ಒಂದು ಭಾಗ ಇಳಿದರೂ ಕೈಗೆ ತಿಳಿಯುವುದಿಲ್ಲ, ತಕ್ಕಡಿಗೆ ತಿಳಿಯುತ್ತದೆ. ದನ, ನಾಯಿಗಳನ್ನು ನೋಡುವ ವೈದ್ಯರೆಲ್ಲರಿಗೂ ಹಕ್ಕಿಗಳ ಚಿಕಿತ್ಸೆಯಲ್ಲಿ ಅನುಭವ ಇರುವುದಿಲ್ಲ. ಆದ್ದರಿಂದ ಹಕ್ಕಿ ತರುವ ಮೊದಲೇ ಅಂಥ ಅನುಭವವುಳ್ಳವರು ಎಲ್ಲಿದ್ದಾರೆ, ಮೈಸೂರಿಗೆ ಹೋಗಬೇಕಾದೀತೇ, ಮಳೆಯಲ್ಲಿ ದಾರಿ ಕಟ್ಟಿದರೆ ಫೋನಿನಲ್ಲಿ ಯಾರನ್ನು ಕೇಳಬಹುದು ಎಂಬುದನ್ನು ವಿಚಾರಿಸಿಟ್ಟುಕೊಳ್ಳಬೇಕು.

ದಾರಿ ಕಟ್ಟುವುದು ಇಲ್ಲಿ ಬರಿಯ ಊಹೆಯಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಾಗ ಜನ ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟು ಪರಿಹಾರ ಕೇಂದ್ರಗಳನ್ನು ಸೇರಬೇಕಾಯಿತು. ಒಂದೇ ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಸಣ್ಣ ಪಂಜರವೊಂದು ಮನೆಯಲ್ಲಿರಬೇಕು, ಅದರೊಳಗೆ ಹೋಗಿ ಕೂರುವುದು ಹಕ್ಕಿಗೆ ಮೊದಲೇ ರೂಢಿಯಾಗಿರಬೇಕು.

ಆಯುಸ್ಸಿನ ಲೆಕ್ಕವನ್ನು ಕೊಳ್ಳುವಾಗ ಯಾರೂ ಹಾಕುವುದಿಲ್ಲ. ಚೆನ್ನಾಗಿ ನೋಡಿಕೊಂಡರೆ ಕಾಕಟೀಲ್ ಹದಿನೈದರಿಂದ ಇಪ್ಪತ್ತು ವರ್ಷ, ಆಫ್ರಿಕನ್ ಗ್ರೇ ನಲವತ್ತು ವರ್ಷಕ್ಕೂ ಮಿಗಿಲಾಗಿ ಬದುಕುತ್ತದೆ. ಹತ್ತು ವರ್ಷದ ಮಗುವಿನ ಹಟಕ್ಕೆ ತಂದ ಹಕ್ಕಿ, ಆ ಮಗು ಓದಿಗೂ ಕೆಲಸಕ್ಕೂ ಬೆಂಗಳೂರು ಸೇರಿದ ಮೇಲೆ ವಯಸ್ಸಾದ ಅಜ್ಜ ಅಜ್ಜಿಯರ ಪಾಲಿಗೆ ಉಳಿಯುತ್ತದೆ. ಅವರ ನಂತರ ಯಾರು ಎಂಬುದನ್ನು ಮನೆಮಂದಿ ಕೂತು ಮಾತನಾಡಿಯೇ ತೀರ್ಮಾನಿಸಬೇಕು.

ಹಾಗೆ ನೋಡಿಕೊಳ್ಳಲಾಗದೆ ಹೋದಾಗ ಪಂಜರದ ಬಾಗಿಲು ತೆರೆದು ಹಾರಿಬಿಡುವುದು ಪುಣ್ಯದ ಕೆಲಸವೆಂದು ಅನೇಕರು ನಂಬಿದ್ದಾರೆ. ಪಂಜರದಲ್ಲೇ ಹುಟ್ಟಿದ ಕಾಕಟೀಲ್‌ಗೆ ಇಲ್ಲಿ ಏನು ತಿನ್ನಬೇಕು, ಗಿಡುಗ ಬಂದಾಗ ಎಲ್ಲಿ ಅಡಗಬೇಕು, ಜಡಿಮಳೆಯಲ್ಲಿ ಎಲ್ಲಿ ಇರುಳು ಕಳೆಯಬೇಕು ಎಂಬುದು ಯಾವುದೂ ತಿಳಿದಿರುವುದಿಲ್ಲ. ಹೆಚ್ಚಿನವು ಕೆಲವೇ ದಿನಗಳಲ್ಲಿ ಸಾಯುತ್ತವೆ. ಅಕಸ್ಮಾತ್ ಬದುಕಿದರೂ ಪಂಜರದ ರೋಗಗಳನ್ನು ಕಾಡಿನ ಗಿಳಿಗಳಿಗೆ ಹರಡುವ ಭಯವಿದೆ. ಹಿಂದೆ ಗೊತ್ತಿಲ್ಲದೆ ಹಸಿರು ಗಿಳಿಯನ್ನು ಸಾಕಿದವರೂ ಅದನ್ನು ಹಿತ್ತಲಲ್ಲಿ ಬಿಟ್ಟುಬಿಡಬಾರದು. ವರ್ಷಗಟ್ಟಲೆ ಪಂಜರದಲ್ಲಿದ್ದ ಹಕ್ಕಿಯ ರೆಕ್ಕೆಯ ಸ್ನಾಯುಗಳು ಸೊರಗಿರುತ್ತವೆ, ಅದನ್ನು ಮತ್ತೆ ಹಾರಾಟಕ್ಕೂ ಕಾಡಿನ ಆಹಾರಕ್ಕೂ ಒಗ್ಗಿಸುವುದಕ್ಕೆ ತಿಂಗಳುಗಳೇ ಬೇಕಾಗುತ್ತವೆ. ಅಂಥವರು ಸಮೀಪದ ವಲಯ ಅರಣ್ಯಾಧಿಕಾರಿಯ ಕಚೇರಿಗೆ ತಾವಾಗಿಯೇ ಹೋಗಿ, ಹಕ್ಕಿ ಎಷ್ಟು ವರ್ಷದಿಂದ ಇದೆ, ಏನು ತಿನ್ನುತ್ತದೆ, ಹಾರುತ್ತದೆಯೇ ಎಂಬುದನ್ನೆಲ್ಲ ಮುಚ್ಚಿಡದೆ ತಿಳಿಸಿ ಒಪ್ಪಿಸಬೇಕು. ಮುಂದೆ ಅದನ್ನು ನೋಡಿಕೊಳ್ಳುವವರಿಗೆ ಈ ವಿವರಗಳು ಬೇಕಾಗುತ್ತವೆ.