ನಿಲ್ಲಿಸುವುದಷ್ಟೇ ಅದರ ಕೆಲಸವೇ?

ಮಂಗಳವಾರ ಸಂಜೆ ಝೆನೋಪಸ್ ಕಪ್ಪೆಯ ಗೊದಮೊಟ್ಟೆಯ ಅಕ್ಷಿಪಟಲದ (ರೆಟಿನಾದ) ತೆಳುವಾದ ಛೇದವೊಂದನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದೆ. ಹಸಿರಾಗಿ ಹೊಳೆಯುತ್ತಿದ್ದ ಕೋಶಗಳಲ್ಲಿ ಹೆಚ್ಚಿನವು ನಾನು ಹುಡುಕುತ್ತಿದ್ದ ಪದರದಲ್ಲಿ ಇರಲಿಲ್ಲ. ಅವು ಅಕ್ಷಿಪಟಲದ ಒಳ ಅಂಚಿನಿಂದ ಹೊರ ಅಂಚಿನವರೆಗೆ ಕಂಬಗಳಂತೆ ಚಾಚಿಕೊಂಡಿದ್ದ, ನರಕೋಶಗಳಿಗೆ ಆಸರೆಯಾಗುವ ಮುಲ್ಲರ್ ಗ್ಲಿಯಾ ಕೋಶಗಳಾಗಿದ್ದವು.

ನನ್ನ ಲೆಕ್ಕ ಬೇರೆಯೇ ಇತ್ತು. ಆ ಹಸಿರು ಕೋಶಗಳಲ್ಲಿ ನಾವು ಹೆಚ್ಚಿಸಿದ್ದ ಪಿ27-ಜಿಕ್1 (p27Xic1) ಎಂಬ ಪ್ರೋಟೀನ್ ಕೋಶವಿಭಜನೆಯನ್ನು ತಡೆಯುತ್ತದೆ. ಅಕ್ಷಿಪಟಲದಲ್ಲಿ ಮೊದಲು ಹುಟ್ಟುವವು ಮೆದುಳಿಗೆ ಸಂಕೇತ ಕಳಿಸುವ ನರಕೋಶಗಳಾದ ಗ್ಯಾಂಗ್ಲಿಯನ್ ಕೋಶಗಳು, ಕಟ್ಟಕಡೆಗೆ ಹುಟ್ಟುವುದು ಮುಲ್ಲರ್ ಗ್ಲಿಯಾ. ವಿಭಜನೆ ಬೇಗ ನಿಂತರೆ ಗ್ಯಾಂಗ್ಲಿಯನ್ ಕೋಶಗಳೇ ಹೆಚ್ಚಬೇಕಲ್ಲವೇ?

"ಮೇಡಂ, ಇದು ವಿಭಜನೆಯನ್ನು ನಿಲ್ಲಿಸುವ ಪ್ರೋಟೀನ್ ಅಲ್ಲವೇ?" ಎಂದು ಕೇಳಿದೆ.

"ನಿಲ್ಲಿಸುವುದಷ್ಟೇ ಅದರ ಕೆಲಸ ಅಂತ ನಿನಗೆ ಯಾರು ಹೇಳಿದರು?" ಎಂದರು.

ಪಕ್ಕದಲ್ಲಿದ್ದ ಸಹಪಾಠಿ, ಛೇದವೇ ಕೆಟ್ಟಿರಬೇಕು, ಎಸೆದುಬಿಡು ಎಂದ. ಅವನ ಕೈ ಬಲು ಚುರುಕು, ಆದರೆ ನಿರೀಕ್ಷೆಗೆ ಹೊಂದದ್ದನ್ನೆಲ್ಲ ತಪ್ಪೆಂದು ತಳ್ಳಿಹಾಕುವ ಆತುರ ನನಗೆ ಹಿಡಿಸುವುದಿಲ್ಲ. ಮೇಡಂ ಉತ್ತರವನ್ನು ಹೇಳದೆ ಎದ್ದುಹೋದರು. ಅವರ ಮೇಲಿನ ನನ್ನ ಗೌರವಕ್ಕೆ ಅದೇ ಕಾರಣ.

ಆ ರಾತ್ರಿ, 1999ರಲ್ಲಿ ಪ್ರಕಟವಾದ ಸಂಶೋಧನಾ ಲೇಖನವೊಂದರಲ್ಲಿ ಉತ್ತರ ಸಿಕ್ಕಿತು. ಈ ಪ್ರೋಟೀನಿನ ಆರಂಭದ ತುದಿಯಲ್ಲಿ ವಿಭಜನೆಯನ್ನು ತಡೆಯುವ ಭಾಗವೊಂದಿದೆ. ಅದಕ್ಕೆ ಹತ್ತಿರದಲ್ಲೇ, ಆದರೆ ಅದರಿಂದ ಬೇರೆಯಾಗಿ, ಕೋಶವನ್ನು ಗ್ಲಿಯಾ ಆಗುವತ್ತ ಒಯ್ಯುವ ಭಾಗ ಇನ್ನೊಂದಿದೆ. ಬೆಳೆಯುವ ಕಣ್ಣಿನಲ್ಲಿ ಇದರ ಪ್ರಮಾಣ ಮೆಲ್ಲಮೆಲ್ಲನೆ ಏರುತ್ತದೆ; ಹೀಗಾಗಿ ಕೋಶಗಳ ಒಟ್ಟು ಸಂಖ್ಯೆಗೆ ಮಿತಿ ಹಾಕುವ ಪ್ರೋಟೀನೇ, ಕೊನೆಯವರೆಗೆ ಉಳಿದ ಕೋಶಗಳು ಏನಾಗಬೇಕು ಎಂಬುದರಲ್ಲೂ ಕೈಯಾಡಿಸುತ್ತದೆ. ನಿಲ್ಲಿಸುವುದಷ್ಟೇ ಅಂತ ಯಾರು ಹೇಳಿದರು? ಯಾರೂ ಹೇಳಿರಲಿಲ್ಲ, ಹೆಸರಿನ ಜೊತೆಗೆ ಕಲಿತ ಒಂದು ಕೆಲಸವನ್ನೇ ನಾನು ಅದರ ಇಡೀ ಸ್ವಭಾವವೆಂದು ನಂಬಿದ್ದೆ.

ಆದರೂ ಈ ಪ್ರೋಟೀನ್ ಒಂಟಿಯಾಗಿ ಏನನ್ನೂ ತೀರ್ಮಾನಿಸುವುದಿಲ್ಲ ಎಂಬುದೇ ನನ್ನನ್ನು ಹೆಚ್ಚು ಕಾಡಿದ್ದು. ಅದರ ಗ್ಲಿಯಾ ಪ್ರಭಾವ ನಡೆಯಬೇಕಾದರೆ ಕೋಶದಲ್ಲಿ ನಾಚ್ ಎಂಬ ಸಂಕೇತಮಾರ್ಗ, ಅಂದರೆ ಹೊರಗಿನ ಸೂಚನೆಯನ್ನು ಕೋಶದೊಳಕ್ಕೆ ಒಯ್ಯುವ ದಾರಿ, ಚುರುಕಾಗಿರಬೇಕು. ನಾಚ್ ಚುರುಕಾಗುವುದು ಪಕ್ಕದ ಕೋಶ ತನ್ನ ಮೈಮೇಲೆ ಹೊತ್ತಿರುವ ಡೆಲ್ಟಾ ಪ್ರೋಟೀನು ಬಂದು ತಾಗಿದಾಗ. ನರಕೋಶವಾಗಲು ಹೊರಟ ಕೋಶವೊಂದು ನೆರೆಯ ಕೋಶಕ್ಕೆ "ನೀನು ಸ್ವಲ್ಪ ತಾಳು" ಎನ್ನುವ ಬಗೆ ಅದು. ಹಾಗೆ ತಾಳಿದ ಕೋಶ ಎಷ್ಟು ಹೊತ್ತು ಕಾಯಿತು, ಅಷ್ಟರಲ್ಲಿ ಅದರೊಳಗೆ ಯಾವ ಪ್ರೋಟೀನು ಎಷ್ಟು ತುಂಬಿಕೊಂಡಿತು ಎಂಬುದರ ಮೇಲೆ ಅದರ ಮುಂದಿನ ರೂಪ ನಿಂತಿದೆ.

ಗುರುವಾರ ಅದೇ ಛೇದವನ್ನು ಮತ್ತೆ ನೋಡಿದೆ, ಈ ಸಲ ಹಸಿರು ಕಂಬಗಳನ್ನು ಬಿಟ್ಟು ಅವುಗಳನ್ನು ಸುತ್ತುವರಿದಿದ್ದ, ಹೊಳೆಯದ ಕೋಶಗಳನ್ನು.