ಮರುವಾಯಿ ಟಬ್ಬು: ಮೂರನೇ ವಾರ

ಹೋದ ವಾರ ಬರೆದದ್ದನ್ನು ಅರ್ಧ ವಾಪಸ್ ತೆಗೆದುಕೊಳ್ಳಬೇಕಾಗಿದೆ. ದೋಣಿ ನಿಲ್ಲುವ ದಕ್ಕೆಯ ಕೆಸರಿನಲ್ಲಿ ಮರುವಾಯಿ (ಕಪ್ಪೆಚಿಪ್ಪು) ಹೂತುಕೊಳ್ಳಲು ತಡ ಮಾಡುತ್ತವೆ, ದೋಣಿ ಬಣ್ಣದ ವಿಷವೇ ಕಾರಣ ಅಂದಿದ್ದೆ. ತಡ ಮಾಡುವುದು ನಿಜ. ಕಾರಣ ಅಷ್ಟು ಸುಲಭವಲ್ಲ.

ಹಿತ್ತಿಲ ಜಗಲಿಯಲ್ಲಿ ಎರಡು ಟಬ್ಬು. ಒಂದರಲ್ಲಿ ಹೊಳೆ ಕಡಲು ಸೇರುವ ಅಳಿವೆ ಬಾಗಿಲಿನ ಹೊಯ್ಗೆ (ಮರಳು), ಇನ್ನೊಂದರಲ್ಲಿ ದೋಣಿಗೆ ಬಣ್ಣ ಬಳಿಯುವ ಒಂದು ದಕ್ಕೆಯ ಕೆಸರು. ಪಾಚಿ, ಚಿಪ್ಪು ಅಂಟಬಾರದೆಂದು ದೋಣಿ ತಳದ ಬಣ್ಣಕ್ಕೆ ತಾಮ್ರ ಸೇರಿಸುತ್ತಾರೆ. ಹಿಂದೆ ಟ್ರೈಬ್ಯುಟೈಲ್ ಟಿನ್ ಎಂಬ ಇನ್ನೂ ಕೆಟ್ಟದ್ದು ಇತ್ತು. ಹಡಗಿಗೆ ಅದನ್ನು ಬಳಿಯಬಾರದೆಂಬ ಅಂತಾರಾಷ್ಟ್ರೀಯ ಒಪ್ಪಂದ 2008ರಲ್ಲಿ ಜಾರಿಗೆ ಬಂತು. ಕೆರೆದು ತೆಗೆದ ಬಣ್ಣ ಬೀಳುವುದು ಕೆಸರಿಗೇ ಅಲ್ವಾ?

ಪ್ರತಿ ಟಬ್ಬಿಗೆ ಹತ್ತು ಮರುವಾಯಿ. ಅಡ್ಡ ಮಲಗಿಸಿ ಮೊಬೈಲಿನ ಸ್ಟಾಪ್‌ವಾಚ್ ಒತ್ತುವುದು, ಅಷ್ಟೇ.

ಹೊಯ್ಗೆಯಲ್ಲಿ ನೋಡಲು ಮಜಾ. ಚಿಪ್ಪು ಕೂದಲೆಳೆಯಷ್ಟು ತೆರೆಯುತ್ತದೆ. ಬಿಳಿ ಕಾಲು ನಾಲಿಗೆಯ ಹಾಗೆ ಹೊರಬಂದು ತಡಕಾಡುತ್ತದೆ. ಒಳಹೊಕ್ಕ ತುದಿ ಉಬ್ಬಿ ಲಂಗರಿನ ಹಾಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಚಿಪ್ಪು ತಟಕ್ಕನೆ ಮುಚ್ಚಿ ನೀರು ಚಿಮ್ಮುತ್ತದೆ. ಹೊಯ್ಗೆ ಸಡಿಲವಾಗಿ ಚಿಪ್ಪು ಕೆಳಗೆ ಜಗ್ಗುತ್ತದೆ. ಇದೇ ಮತ್ತೆ ಮತ್ತೆ. ಅರ್ಧ ಗಂಟೆಯಲ್ಲಿ ಎಂಟು ಮಾಯ.

ಕೆಸರಿನಲ್ಲಿ ಮೂರೇ. ಉಳಿದವು ಕಾಲು ಚಾಚಿ, ಮುಟ್ಟಿ ನೋಡಿ, ಬಿಸಿ ತಾಗಿದವರ ಹಾಗೆ ಒಳಗೆಳೆದುಕೊಂಡು ಬಾಯಿ ಮುಚ್ಚಿ ಕೂತವು. ಹೂತಿದ್ದ ಒಂದು ರಾತ್ರಿ ಮೇಲೆ ಬಂದಿತ್ತು. ಹೊಳೆಯಲ್ಲಾದರೆ ಏಡಿಗೋ ಹಕ್ಕಿಗೋ ಊಟ.

ಆದರೆ ಈ ಕೆಸರು ಕಡುಗಪ್ಪು, ಕೊಳೆತ ಮೊಟ್ಟೆಯ ನಾತ. ಗಾಳಿಯಾಡದ ಯಾವ ಕೆಸರೂ ಹೀಗೇ ಆಗುತ್ತದೆ, ಬಣ್ಣ ಬೀಳದಿದ್ದರೂ. ಉಸಿರಾಡಲು ಆಮ್ಲಜನಕ ಕಮ್ಮಿಯಾದರೂ ಮರುವಾಯಿ ಮೇಲೆ ಬರುತ್ತವೆ. ಜೊತೆಗೆ ಹೊಯ್ಗೆ ದೊರಗು, ಕೆಸರು ನುಣುಪು. ಎರಡನ್ನು ಹೋಲಿಸಿದ್ದೇ ನನ್ನ ತಪ್ಪು. ತಾಮ್ರದ ಮೇಲೆ ಸುಮ್ನೆ ದೂರು ಹಾಕಿಬಿಟ್ಟೆ.

ಹಾಗಾಗಿ ಮೂರನೇ ಟಬ್ಬು. ದೋಣಿ ಸುಳಿಯದ ಜಾಗದ ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬುಡದ ಕೆಸರು: ಅಷ್ಟೇ ಕಪ್ಪು, ಅಷ್ಟೇ ನುಣುಪು. ಇಲ್ಲಿ ಬೇಗ ಹೂತು, ದಕ್ಕೆಯದರಲ್ಲಿ ತಡ ಮಾಡಿದರೆ ಮಾತ್ರ ಬಣ್ಣದ ಮೇಲೆ ನನ್ನ ಅನುಮಾನ ಜಾಸ್ತಿಯಾಗುತ್ತದೆ.

ಬುಧವಾರದ ಲೆಕ್ಕ ಬಿಟ್ಟಿದ್ದೇನೆ. ಮಾಡಿನ ಮಳೆನೀರು ಸೋರಿ ಟಬ್ಬಿನ ಉಪ್ಪು ಇಳಿದು, ಹೊಯ್ಗೆಯವೂ ಬಾಯಿ ಬಿಡಲಿಲ್ಲ. ಈಗ ಮೇಲೆ ತಗಡು ಹಾಕಿದೆ.

"ಸುಕ್ಕ ಮಾಡೋದು ಬಿಟ್ಟು ಕಾವಲು ಕೂತಿದ್ದೀಯಲ್ಲ ಮಾರಾಯ" ಅಂತಾರೆ ಅಮ್ಮ. ದಕ್ಕೆಯ ಟಬ್ಬಿನದನ್ನಂತೂ ಸುಕ್ಕ ಮಾಡಿ ತಿನ್ನುವ ಹಾಗಿಲ್ಲ. ಭಾನುವಾರ ಬೆಳಗ್ಗೆ ನೀರು ಇಳಿದಾಗ ಹೊಸ ಮೂವತ್ತು ಹೆಕ್ಕಿ ತರಬೇಕು. ಹಳೆಯವು ದಣಿದಿವೆ.