ಹುಟ್ಟೋ ಮೊದಲೇ ತಿಥಿ ಮಾತು

ಹೋದ ವಾರ ನಮ್ಮ ನಿಕಾಯದ ಡೀನರು ಫೋನ್ ಮಾಡಿ, "ಮೇಡಂ, ಒಂದು ಹೊಸ ಅಧ್ಯಯನ ಕೇಂದ್ರ ಶುರು ಮಾಡೋಣ ಅಂತಿದ್ದೀವಿ, ಪ್ರಸ್ತಾವನೆ ನೀವೇ ಬರೆದುಕೊಡಿ" ಅಂದರು. ಹಿಂದೆ ಬೇರೆ ಊರಿನಲ್ಲಿ ನಾನು ಒಂದು ಕೇಂದ್ರಕ್ಕೆ ಸಂಯೋಜಕಿ ಆಗಿದ್ದೆ ಅನ್ನೋದು ಅವರಿಗೆ ಗೊತ್ತು. ಅಲ್ಲಿ ಏನಾಯ್ತು ಅನ್ನೋದು ಗೊತ್ತಿಲ್ಲ.

ಶುರು ಮಾಡೋದೇನೂ ಕಷ್ಟ ಅಲ್ಲ. ವಿಭಾಗದಲ್ಲಿ ಒಂದು ಮೀಟಿಂಗು, ಆಮೇಲೆ ನಿಕಾಯದ ಸಭೆ, ಅಕಾಡೆಮಿಕ್ ಕೌನ್ಸಿಲ್, ಕೊನೆಗೆ ಸಿಂಡಿಕೇಟ್. ನಮ್ಮ ರಾಜ್ಯದ ವಿವಿಗಳಲ್ಲಿ ಹೆಚ್ಚುಕಮ್ಮಿ ಇದೇ ದಾರಿ. ಯಾರೂ ಬೇಡ ಅನ್ನುವುದಿಲ್ಲ, ಯಾಕಂದ್ರೆ ಆಗ ಯಾರೂ ದುಡ್ಡಿನ ಮಾತು ಎತ್ತುವುದಿಲ್ಲ. ಒಂದು ಬೋರ್ಡು, ಒಂದು ಟೇಪು, ಪೇಟ, ಶಾಲು, ಫೋಟೋ. ಮುಗೀತು.

ವಿವಿಗಳಲ್ಲಿ ದೊಡ್ಡವರ ಹೆಸರಲ್ಲಿ ಇರೋ ಅಧ್ಯಯನ ಪೀಠಗಳ ಕಥೆ ನೋಡಿ. ಯಾರೋ ದತ್ತಿ ಇಡುತ್ತಾರೆ, ಇಲ್ಲಾಂದ್ರೆ ಸರ್ಕಾರ ಇಡುತ್ತೆ. ಒಂದು ಕೋಟಿ ಠೇವಣಿ ಇದೆ ಅಂದುಕೊಳ್ಳಿ. ಬಡ್ಡಿ ಶೇ 9 ಇದ್ದಾಗ ವರ್ಷಕ್ಕೆ 9 ಲಕ್ಷ ಬರುತ್ತೆ, ಶೇ 6ಕ್ಕೆ ಇಳಿದರೆ 6 ಲಕ್ಷ. ಸಂಶೋಧನಾ ಸಹಾಯಕರ ಸಂಬಳ ಮಾತ್ರ ಇಳಿಯಲ್ಲ ಅಲ್ವಾ? ಹಾಗಾಗಿ ನಿಧಾನಕ್ಕೆ ಸಹಾಯಕರು ಹೋಗ್ತಾರೆ, ಪುಸ್ತಕ ನಿಲ್ಲುತ್ತೆ, ವರ್ಷಕ್ಕೊಂದು ಜಯಂತಿ ಉಪನ್ಯಾಸ ಉಳಿಯುತ್ತೆ.

ಯುಜಿಸಿ, ಅಂದರೆ ದಿಲ್ಲಿಯ ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಕೊಡೋ ದುಡ್ಡಿನ ಕೇಂದ್ರಗಳದ್ದು ಬೇರೆ ಪಾಡು. ಅವೆಲ್ಲ ಪಂಚವಾರ್ಷಿಕ ಯೋಜನೆಯ ಲೆಕ್ಕದಲ್ಲಿ ಹುಟ್ಟಿದವು. 11ನೇ ಯೋಜನೆಯ ಹೊತ್ತಿಗೆ, ಅಂದರೆ 2007ರ ನಂತರ, ಸಾಮಾಜಿಕ ಹೊರಗಿಡುವಿಕೆಯ (ಜಾತಿ, ಧರ್ಮದ ಕಾರಣಕ್ಕೆ ಕೆಲವರನ್ನು ದೂರ ಇಡೋದರ) ಅಧ್ಯಯನಕ್ಕೆ ಅಂತ ದೇಶದ ಹಲವು ವಿವಿಗಳಲ್ಲಿ ಕೇಂದ್ರಗಳು ಬಂದವು. ಮೈಸೂರು ವಿವಿಯಲ್ಲಿ ಒಂದು, ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಒಂದು. ಮಹಿಳಾ ಅಧ್ಯಯನ ಕೇಂದ್ರಗಳು ಇನ್ನೂ ಹಳೆಯವು. 12ನೇ ಯೋಜನೆ 2017ರ ಮಾರ್ಚ್ 31ಕ್ಕೆ ಮುಗಿಯಿತು, 13ನೆಯದು ಬರಲೇ ಇಲ್ಲ. ಯೋಜನೆ ಅನ್ನೋ ಪದ್ಧತಿಯೇ ಹೋದ ಮೇಲೆ ಅದರ ನೆರಳಲ್ಲಿದ್ದ ಹುದ್ದೆಗಳ ಗತಿ ಏನು? ಆ ವರ್ಷ ಇಂಥ ಕೇಂದ್ರಗಳಲ್ಲಿ ಕೆಲಸ ಮಾಡುತ್ತಿದ್ದವರನ್ನು ಕೇಳಿದರೆ ಹೇಳ್ತಾರೆ, ದಿಲ್ಲಿಯ ಪತ್ರಕ್ಕೆ ಕಾಯೋದು ಅಂದ್ರೆ ಏನು ಅಂತ.

ನಾನೂ ಕಾದೆ. ನಮ್ಮ ಕೇಂದ್ರದ ನವೀಕರಣದ ಫೈಲಿನಲ್ಲಿ ಐದು ವರ್ಷ ನಾವು ಏನು ಕಂಡುಕೊಂಡೆವು ಅಂತ ಕೇಳುವ ಕಾಲಂ ಇತ್ತು, ಅರ್ಧ ಪುಟ. ಮಿಕ್ಕ ಎಪ್ಪತ್ತು ಪುಟ ಖರ್ಚಿನದ್ದು. ಕೊಟ್ಟ ದುಡ್ಡು ಸರಿಯಾಗಿ ಖರ್ಚಾಗಿದೆ ಅನ್ನೋ ಬಳಕೆ ಪ್ರಮಾಣಪತ್ರವನ್ನು ಕೇಂದ್ರ ಸರ್ಕಾರದ ಹಣಕಾಸು ನಿಯಮಗಳ (ಜಿಎಫ್‌ಆರ್) ಹಳೇ 19-ಎ ನಮೂನೆಯಲ್ಲಿ ತುಂಬಿಸಿ, ಹಣಕಾಸು ಅಧಿಕಾರಿಯ ಸಹಿ ಮಾಡಿಸಿ, ಅವರ ಕೋಣೆಯ ಮುಂದೆ ಮೂರು ದಿನ ಕೂತು ಕಳಿಸಿದರೆ, 2017ರ ನಿಯಮ ಬಂದ ಮೇಲೆ ನಮೂನೆ 12-ಎ ಆಗಿದೆ, ಹೊಸದಾಗಿ ಕಳಿಸಿ ಅಂತ ವಾಪಸ್ ಬಂತು. ಅಂಕಿ ಅದೇ, ಕಾಗದ ಬೇರೆ. ಅಷ್ಟರಲ್ಲಿ ನಮ್ಮ ಪ್ರಾಜೆಕ್ಟ್ ಸಹಾಯಕಿಗೆ ಸಂಬಳ ಇಲ್ಲದೆ ಐದು ತಿಂಗಳಾಗಿತ್ತು. ಹಳ್ಳಿ ಹಳ್ಳಿ ತಿರುಗಿ ಮಾಡಿಕೊಂಡ ಸಂದರ್ಶನಗಳ ರೆಕಾರ್ಡಿಂಗ್ ಯಾವ ಹಾರ್ಡ್ ಡಿಸ್ಕಿನಲ್ಲಿದೆ ಅಂತ ಸರಿಯಾಗಿ ಗೊತ್ತಿದ್ದವಳು ಅವಳೊಬ್ಬಳೇ. ಒಂದು ಖಾಸಗಿ ಕಾಲೇಜಿಗೆ ಸೇರಿಬಿಟ್ಟಳು. ತಪ್ಪು ಅಂತ ನಾನಂತೂ ಹೇಳಲ್ಲ.

ನವೀಕರಣದ ಪತ್ರ ಬಂತು, ಬರಲಿಲ್ಲ ಅಂತಲ್ಲ. ನನಗಿಂತ ಹಿಂದಿದ್ದ ಸಂಯೋಜಕರ ಹೆಸರಿಗೆ ಬಂತು.

ಯುಜಿಸಿಯ ವಿಶೇಷ ನೆರವಿನ ಕಾರ್ಯಕ್ರಮವನ್ನು ಈಗ ಬೈಯುವವರಿದ್ದಾರೆ, ಆದರೆ ಅದರಲ್ಲಿ ಒಂದು ಒಳ್ಳೆ ಗುಣ ಇತ್ತು. ವಿವಿ ವಿಭಾಗಗಳಿಗೆ ಡಿಆರ್‌ಎಸ್, ಡಿಎಸ್‌ಎ, ಸಿಎಎಸ್ ಅಂತ ನೆರವಿನ ಮೂರು ಮೆಟ್ಟಿಲು, ಒಂದೊಂದಕ್ಕೂ ಐದು ವರ್ಷ. ಹೊರಗಿನ ಪರಿಣತರು ಬಂದು ಕೂತು, ಮಾಡಿದ ಕೆಲಸ ನೋಡಿ ಮುಂದಿನ ಮೆಟ್ಟಿಲಿಗೆ ಹತ್ತಿಸಬೇಕೋ ಬೇಡವೋ ಅಂತ ಹೇಳುತ್ತಿದ್ದರು. ಜರ್ಮನಿಯಲ್ಲಿ ಇನ್ನೂ ಖಡಕ್ಕು. ಅಲ್ಲಿ ಸಂಶೋಧನೆಗೆ ದುಡ್ಡು ಕೊಡುವ ಡಿಎಫ್‌ಜಿ ಸಂಸ್ಥೆ 1968ರಿಂದ ವಿವಿಗಳಲ್ಲಿ ಬೆಂಬಲಿಸುವ ಜಂಟಿ ಸಂಶೋಧನಾ ಕೂಟಗಳಿಗೆ ಹೆಚ್ಚೆಂದರೆ 12 ವರ್ಷ ಆಯಸ್ಸು. ನಡುನಡುವೆ ಪರೀಕ್ಷೆ. ಎಷ್ಟೇ ಚೆನ್ನಾಗಿ ಮಾಡಿದರೂ 12 ಆದ ಮೇಲೆ ಅಂಗಡಿ ಮುಚ್ಚಬೇಕು, ಅದು ಅವಮಾನವೂ ಅಲ್ಲ. ನಮ್ಮಲ್ಲಿ ಮುಚ್ಚುವುದು ಅಂದ್ರೆ ಯಾರದೋ ಮೇಲಿನ ಸೇಡು ಅಂತಲೇ ಲೆಕ್ಕ. ಅದಕ್ಕೇ ಯಾರೂ ಮುಚ್ಚಲ್ಲ. ಬೋರ್ಡು ಇರುತ್ತೆ, ಬಾಗಿಲಿಗೆ ಬೀಗ ಇರುತ್ತೆ.

ಹಾಗಂತ ಎಲ್ಲವೂ 12 ವರ್ಷಕ್ಕೆ ಮುಗಿಯಲಿ ಅಂತ ಅಲ್ಲ. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ ಶುರುವಾಗಿದ್ದು 1939ರಲ್ಲಿ, ಮುಂಬಯಿ ಸರ್ಕಾರದ ಕಾಲದಲ್ಲಿ. ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ್ದೇ 1949ರಲ್ಲಿ. ಅಂದರೆ ಮನೆಗಿಂತ ಮಗು ಹತ್ತು ವರ್ಷ ದೊಡ್ಡದು! ಸಂಸ್ಥೆ ಆಮೇಲೆ ವಿವಿಯ ಮಡಿಲಿಗೆ ಬಂತು. ಒಡೆಯರು ಬದಲಾದರೂ ಅದು ಉಳಿದದ್ದಕ್ಕೆ ಕಾರಣ, ನನ್ನ ಪ್ರಕಾರ, ಅದಕ್ಕೆ ಮುಗಿಯದ ಕೆಲಸ ಇತ್ತು: ಶಾಸನ, ಹಸ್ತಪ್ರತಿ, ವಸ್ತುಸಂಗ್ರಹಾಲಯ. ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆಯೂ (1966) ಹಾಗೇ. ಎಪಿಗ್ರಾಫಿಯಾ ಕರ್ನಾಟಿಕಾ ಅನ್ನೋ ಶಾಸನ ಸಂಪುಟಗಳ ಪರಿಷ್ಕರಣೆ ಐದು ವರ್ಷದ ಫೈಲಿನಲ್ಲಿ ಮುಗಿಯೋ ಕೆಲಸವೇ?

ಇಷ್ಟೆಲ್ಲ ಯೋಚನೆ ಮಾಡಿ ಡೀನರ ಪ್ರಸ್ತಾವನೆ ಬರೆದೆ, ನಾಲ್ಕು ಪುಟ. ಕೊನೆಗೆ ಎರಡು ಸಾಲು ಸೇರಿಸಿದೆ: ಐದನೇ ವರ್ಷ ಹೊರಗಿನ ಮೂವರು ಬಂದು ನೋಡಬೇಕು, ಬೇಡ ಅಂದರೆ ಮುಚ್ಚಬೇಕು, ರೆಕಾರ್ಡು, ಪುಸ್ತಕಗಳೆಲ್ಲ ಗ್ರಂಥಾಲಯಕ್ಕೆ ಹೋಗಬೇಕು.

ಡೀನರು ಓದಿ ನಕ್ಕರು. "ಏನ್ ಮೇಡಂ, ಹುಟ್ಟೋ ಮೊದಲೇ ತಿಥಿ ಮಾತು!"

"ಸರ್, ಹಾರ್ಡ್ ಡಿಸ್ಕ್ ಎಲ್ಲಿಡೋದು ಅನ್ನೋದಾದರೂ ಇರಲಿ" ಅಂದೆ. ಆ ಅರ್ಧ ಸಾಲು ಉಳಿಸಿಕೊಂಡು ಮಿಕ್ಕಿದ್ದರ ಮೇಲೆ ಪೆನ್ಸಿಲ್ ಗೀಟು ಎಳೆದಿದ್ದಾರೆ. ಪೆನ್ಸಿಲ್ ತಾನೇ, ಸೋಮವಾರ ಇನ್ನೊಂದು ಸಲ ಹೋಗ್ತೀನಿ, ರಬ್ಬರ್ ತಗೊಂಡು.